ಬಾಗಿಲು ತೆರೆದ ಮೇಲೆ ಏನಾಯಿತು? ಕಮಲಾ ಸೋಹೋನಿ, ಅವರ ಪದವಿಗಳು ಮತ್ತು ನಮ್ಮ ಅವರೆಕಾಳು

ಫೆಬ್ರವರಿ ಬಂದರೆ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. 11ರಂದು ವಿಜ್ಞಾನ ಕ್ಷೇತ್ರದ ಮಹಿಳೆಯರ ಅಂತರರಾಷ್ಟ್ರೀಯ ದಿನ, 28ರಂದು ರಾಷ್ಟ್ರೀಯ ವಿಜ್ಞಾನ ದಿನ. ಎರಡರ ನಡುವೆ ಯಾರಾದರೊಬ್ಬರು ಕಮಲಾ ಸೋಹೋನಿಯವರ ಕಪ್ಪು-ಬಿಳುಪು ಚಿತ್ರ ಹಾಕಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಆಕೆಗೆ ಪ್ರವೇಶ ನಿರಾಕರಿಸಿದ ಕಥೆಯನ್ನು ಕಳುಹಿಸುತ್ತಾರೆ. ಹುಡುಗಿ ಬಾಗಿಲ ಮುಂದೆ ಸತ್ಯಾಗ್ರಹ ಕೂತಳು, ಬಾಗಿಲು ತೆರೆಯಿತು, ಆಕೆ ಭಾರತದ ಮೊದಲ ಮಹಿಳಾ ವಿಜ್ಞಾನಿಯಾದಳು. ಕಥೆ ಅಲ್ಲಿಗೆ ಮುಗಿಯುತ್ತದೆ.

ಈ ವರ್ಷ ಆ ಸಂದೇಶ ಓದಿಕೊಂಡು ಎದುರುಮನೆಯ ಹುಡುಗಿ ನನ್ನ ಬಳಿಗೆ ಬಂದಳು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸುತ್ತಿದ್ದಾಳೆ, ಮುಂದೆ ಸಂಶೋಧನೆ ಮಾಡಬೇಕೆಂಬ ಆಸೆ ಇದೆ. ಮನೆಯಲ್ಲಿ ಅಜ್ಜಿಗೆ ಒಂದೇ ಗೊಂದಲ: "ಡಾಕ್ಟರ್ ಆಗುತ್ತಾಳಂತೆ, ಆದರೆ ಔಷಧಿ ಕೊಡುವುದಿಲ್ಲವಂತೆ. ಅದೆಂಥ ಓದು?" ಹುಡುಗಿಯ ಪ್ರಶ್ನೆ ಬೇರೆ: "ಟೀಚರ್, ಬಾಗಿಲು ತೆರೆದ ಮೇಲೆ ಅವರು ಏನು ಕಂಡುಹಿಡಿದರು? ಸಂದೇಶದಲ್ಲಿ ಅದೇ ಇಲ್ಲವಲ್ಲ."

ಮುಂಬೈಯಲ್ಲಿ ಮೂವತ್ತು ವರ್ಷ ಕನ್ನಡ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ಅಜ್ಜಿಯ ಪ್ರಶ್ನೆಗೂ ಮೊಮ್ಮಗಳ ಪ್ರಶ್ನೆಗೂ ಉತ್ತರ ಬರೆದಿಡಬೇಕೆನ್ನಿಸಿತು. ವಿಜ್ಞಾನದ ಹಿನ್ನೆಲೆ ಇಲ್ಲದವರಿಗೂ ಅರ್ಥವಾಗಲಿ ಎಂದು ಬುಡದಿಂದಲೇ ಆರಂಭಿಸುತ್ತೇನೆ.

ಕೆಲವು ಶಬ್ದಗಳು ಮೊದಲು

ನಮ್ಮೂರಿನಲ್ಲಿ ಕೆಮಿಸ್ಟ್ ಎಂದರೆ ಔಷಧಿ ಅಂಗಡಿಯವರು. ಇಲ್ಲಿ ಆ ಅರ್ಥವಲ್ಲ. ವಸ್ತುಗಳು ಯಾವುದರಿಂದ ಆಗಿವೆ, ಒಂದು ಇನ್ನೊಂದಾಗಿ ಹೇಗೆ ಬದಲಾಗುತ್ತದೆ ಎಂದು ಅಧ್ಯಯನ ಮಾಡುವವರು ರಸಾಯನಶಾಸ್ತ್ರಜ್ಞರು. ಇದೇ ಪ್ರಶ್ನೆಯನ್ನು ಜೀವಿಗಳ ಒಳಗೆ ಕೇಳಿದರೆ ಅದು ಜೀವರಸಾಯನಶಾಸ್ತ್ರ. ತಿಂದ ಅನ್ನ ಶಕ್ತಿಯಾಗುವುದು ಹೇಗೆ, ಹಾಲು ಮೊಸರಾಗುವುದು ಹೇಗೆ, ಮೊಳಕೆ ಬಂದ ಕಾಳಿನೊಳಗೆ ಏನು ಬದಲಾಯಿತು, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಕಮಲಾ ಅವರು ಆರಿಸಿಕೊಂಡದ್ದು ಈ ದಾರಿಯನ್ನು.

ಇನ್ನು ಪಿಎಚ್‌ಡಿ, ಅಜ್ಜಿ ಹೇಳಿದ ಔಷಧಿ ಕೊಡದ ಡಾಕ್ಟರ್ ಪದವಿ. ಬಿ.ಎಸ್ಸಿ.ಯಲ್ಲಿ ಬೇರೆಯವರು ಕಂಡುಕೊಂಡದ್ದನ್ನು ಕಲಿಯುತ್ತೇವೆ. ಪಿಎಚ್‌ಡಿಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಹಿಡಿದು, ಪ್ರಯೋಗ ಮಾಡಿ, ಕಂಡುಕೊಂಡದ್ದನ್ನು ಪ್ರಬಂಧವಾಗಿ ಬರೆದು, ಬಲ್ಲವರ ಮುಂದೆ ಸಮರ್ಥಿಸಬೇಕು. ಅಡುಗೆ ಪುಸ್ತಕ ನೋಡಿ ಸಾರು ಮಾಡುವುದು ಒಂದು. ಯಾರೂ ಮಾಡದ ಅಡುಗೆಯೊಂದನ್ನು ಮಾಡಿ, ಅದು ಹಾಗೆಯೇ ಏಕೆ ಬಂದಿತು ಎಂದು ಬಲ್ಲವರಿಗೆ ಒಪ್ಪಿಸುವುದು ಇನ್ನೊಂದು. ಇದಕ್ಕೆ ಪ್ರಯೋಗಾಲಯ ಬೇಕು, ದಾರಿ ತೋರುವ ಮಾರ್ಗದರ್ಶಕರು ಬೇಕು, ಕೊನೆಗೆ ಪದವಿ ಕೊಡುವ ವಿಶ್ವವಿದ್ಯಾಲಯವೂ ಬೇಕು. ಈ ಮೂರೂ ಬೇರೆ ಬೇರೆ ಬಾಗಿಲುಗಳು. ಒಂದು ತೆರೆದರೆ ಉಳಿದವು ತಾವಾಗಿಯೇ ತೆರೆಯುತ್ತವೆ ಎಂದೇನೂ ಇರಲಿಲ್ಲ. ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಚರಿತ್ರೆ ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ವೈದ್ಯಕೀಯಕ್ಕೆ ಹೌದು, ಸಂಶೋಧನೆಗೆ ಅಲ್ಲ

ಕಮಲಾ ಭಾಗವತ್ (ಸೋಹೋನಿ ಎಂಬುದು ಮದುವೆಯ ನಂತರದ ಹೆಸರು) ಹುಟ್ಟಿದ್ದು 1911ರಲ್ಲಿ. ಅಷ್ಟರಲ್ಲಿ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿ ಕೆಲವು ದಶಕಗಳಾಗಿದ್ದವು. ನಮ್ಮ ಪಕ್ಕದ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ 1886ರಲ್ಲೇ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದಿದ್ದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೀಲಿಯಾ ಸೊರಾಬ್ಜಿ ಮುಂಬೈ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆಯಾಗಿದ್ದರು. ಹಾಗಿದ್ದರೂ ಅರ್ಧ ಶತಮಾನದ ಬಳಿಕ ಕಮಲಾ ಅವರನ್ನು ಏಕೆ ತಡೆದರು?

ಕಾರಣ ತಿಳಿಯಬೇಕಾದರೆ ಆ ಕಾಲದ ತರ್ಕವನ್ನು ನೋಡಬೇಕು. ಹೆಂಗಸರ ಕಾಯಿಲೆಗೆ ಹೆಂಗಸರೇ ವೈದ್ಯರು ಬೇಕೆಂಬುದು ಪರದೆಯ ಸಮಾಜಕ್ಕೂ ಒಪ್ಪಿಗೆಯಾಗುವ ಮಾತಾಗಿತ್ತು. ಹುಡುಗಿಯರ ಶಾಲೆಗೆ ಶಿಕ್ಷಕಿ ಬೇಕೆಂಬುದೂ ಹಾಗೆಯೇ. ಪ್ರಯೋಗಾಲಯದ ಸಂಶೋಧನೆಗೆ ಇಂಥ ನೆಪವೇ ಇರಲಿಲ್ಲ. ಅಲ್ಲಿ ಕೆಲಸ ಮಾಡಲು ಹೆಣ್ಣೇ ಬೇಕು ಎನ್ನುವ ಕಾರಣವನ್ನು ಯಾರೂ ಕೊಡಲಾರರು. ತನಗೆ ಕುತೂಹಲವಿದೆ, ಸಾಮರ್ಥ್ಯವಿದೆ ಎಂಬುದಷ್ಟೇ ಆಕೆಯ ಅರ್ಹತೆ. ಅಷ್ಟು ಸಾಕು ಎಂದು ಒಪ್ಪಲು ಸಂಸ್ಥೆಗಳು ಸಿದ್ಧವಿರಲಿಲ್ಲ. ರಾತ್ರಿ ಹೊತ್ತು ಪ್ರಯೋಗ ಮಾಡಬೇಕಾದರೆ ಏನು ಮಾಡುತ್ತಾಳೆ, ಮದುವೆಯಾಗಿ ಹೋದರೆ ಕಲಿಸಿದ್ದೆಲ್ಲ ವ್ಯರ್ಥವಲ್ಲವೇ ಎಂಬ ಮಾತುಗಳು ಇಂದಿಗೂ ಪೂರ್ತಿ ನಿಂತಿಲ್ಲ. ಎದುರುಮನೆಯಲ್ಲಿ ಎರಡನೆಯದನ್ನು ನಾನೇ ಕೇಳಿದ್ದೇನೆ.

ಕಮಲಾ ಅವರ ಮನೆಯಲ್ಲಿ ಅಂಥ ಮಾತು ಇರಲಿಲ್ಲ. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರ ಓದಿದವರು, ಅದೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು. 1975ರಲ್ಲಿ ಕರಾಡದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಅವರು ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದವರು. ಒಬ್ಬ ತಂಗಿ ನಿರ್ದೇಶಕರ ಕೋಣೆಯ ಮುಂದೆ, ಒಬ್ಬ ಅಕ್ಕ ಪ್ರಭುತ್ವದ ಮುಂದೆ. ಆ ಮನೆಯ ಊಟದ ಹೊತ್ತಿನ ಮಾತುಕತೆ ಹೇಗಿದ್ದಿರಬಹುದೆಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

1933, ಬೆಂಗಳೂರು

ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಮುಂಬೈಯೂ ಮೈಸೂರೂ ಸೇರಿಯೇ ಜನ್ಮ ಕೊಟ್ಟವು. ಕನಸು ಮುಂಬೈಯ ಜಮ್‌ಶೆಟ್‌ಜಿ ಟಾಟಾ ಅವರದು, 371 ಎಕರೆ ನೆಲ ಮೈಸೂರು ಸಂಸ್ಥಾನದ್ದು. 1909ರಲ್ಲಿ ಆರಂಭವಾದ ಈ ಸಂಸ್ಥೆಗೆ 1933ರಲ್ಲಿ ರಾಮನ್ ನಿರ್ದೇಶಕರಾದರು. ಆ ಹುದ್ದೆಗೆ ಬಂದ ಮೊದಲ ಭಾರತೀಯರು ಅವರೇ. ನೊಬೆಲ್ ಪ್ರಶಸ್ತಿ ಬಂದು ಮೂರು ವರ್ಷವಾಗಿತ್ತು.

ಅದೇ ವರ್ಷ ಕಮಲಾ ಮುಂಬೈ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮುಗಿಸಿ, ತಂದೆ ಮತ್ತು ಚಿಕ್ಕಪ್ಪ ಓದಿದ ಸಂಸ್ಥೆಗೇ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅಂಕ ಕಡಿಮೆಯಾಗಿದ್ದಕ್ಕಲ್ಲ, ಹೆಣ್ಣು ಎಂಬ ಕಾರಣಕ್ಕೆ. ಕಮಲಾ ಬೆಂಗಳೂರಿಗೇ ಹೋಗಿ ಕಾರಣ ಕೇಳಿದರು, ಸತ್ಯಾಗ್ರಹಕ್ಕೆ ಕೂತರು. ಗಾಂಧೀಜಿಯ ಚಳವಳಿಯನ್ನು ನೋಡುತ್ತ ಬೆಳೆದ ತಲೆಮಾರಿಗೆ ಆ ದಾರಿ ಹೊಸದಾಗಿರಲಿಲ್ಲ. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿದರು. ಮೊದಲ ಒಂದು ವರ್ಷ ಆಕೆ ಪೂರ್ಣ ವಿದ್ಯಾರ್ಥಿನಿಯಲ್ಲ, ಪರೀಕ್ಷಾವಧಿಯಲ್ಲಿರುತ್ತಾರೆ. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ತೃಪ್ತಿಯಾಗುವ ತನಕ ಅದಕ್ಕೆ ಮನ್ನಣೆ ಇಲ್ಲ. ಆಕೆಯಿಂದ ಅಲ್ಲಿನ ಪುರುಷ ಸಂಶೋಧಕರ ಗಮನ ಕೆಡಬಾರದು.

ಮೂರನೆಯ ಷರತ್ತನ್ನು ಓದಿದಾಗ ಎದುರುಮನೆಯ ಹುಡುಗಿ ಪುಟ ಕೆಳಗಿಟ್ಟಳು. "ಅವರ ಗಮನ ಕೆಟ್ಟರೆ ಇವರ ಓದು ನಿಲ್ಲಬೇಕಿತ್ತಾ?" ಎಂದು ಕೇಳಿದಳು. ಹೌದು, ಷರತ್ತಿನ ಅರ್ಥ ಅದೇ.

ಕಮಲಾ ಒಪ್ಪಿಕೊಂಡರು, ಆದರೆ ಮರೆಯಲಿಲ್ಲ. 1997ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಅವರು ಅದನ್ನು ನೆನೆದರು. ರಾಮನ್ ಮಹಾನ್ ವಿಜ್ಞಾನಿ, ಆದರೆ ಸಂಕುಚಿತ ಮನಸ್ಸಿನವರು, ಆ ಅವಮಾನವನ್ನು ಮರೆಯಲು ಆಗಲೇ ಇಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ರಾಮನ್ ಅವರ ಬೆಳಕಿನ ಶೋಧ ಇದರಿಂದ ಸಣ್ಣದಾಗುವುದಿಲ್ಲ. ಆ ಶೋಧದ ಹಿರಿಮೆಯಿಂದ ಈ ತಪ್ಪು ತಪ್ಪಲ್ಲವೆಂದೂ ಆಗುವುದಿಲ್ಲ. ಎರಡನ್ನೂ ಮಕ್ಕಳಿಗೆ ಹೇಳಬೇಕೆಂದು ನಾನು ನಂಬಿದ್ದೇನೆ. ಒಂದು ವರ್ಷದ ಬಳಿಕ ಕಮಲಾ ಅವರಿಗೆ ಪೂರ್ಣ ಅನುಮತಿ ಸಿಕ್ಕಿತು. ಅವರ ಕೆಲಸ ನೋಡಿದ ಮೇಲೆ ಸಂಸ್ಥೆ ಬೇರೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳತೊಡಗಿತು.

ಆ ಒಂದು ವರ್ಷದಲ್ಲಿ ಮಾಡಿದ್ದೇನು?

ಸಂದೇಶಗಳು ಬಿಟ್ಟುಬಿಡುವುದು ಇದನ್ನೇ. ಕಮಲಾ ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಎಂ. ಶ್ರೀನಿವಾಸಯ್ಯ. ಅವರ ಬಳಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನನ್ನು ಅಧ್ಯಯನ ಮಾಡಿದರು. ಮಾಂಸ ತಿನ್ನದ, ಹಾಲು ಕೊಳ್ಳಲಾಗದ ಮನೆಗೆ ಪ್ರೋಟೀನ್ ಬರುವುದು ಬೇಳೆಯಿಂದಲೇ. ಆದ್ದರಿಂದ ಬೇಳೆಯಲ್ಲಿ ನಿಜಕ್ಕೂ ಎಷ್ಟು ಪ್ರೋಟೀನ್ ಇದೆ ಎಂಬುದು ಕೋಟ್ಯಂತರ ಜನರ ಊಟದ ಪ್ರಶ್ನೆಯಾಗಿತ್ತು.

ಅಳೆಯುವುದರಲ್ಲಿ ಒಂದು ತೊಡಕಿದೆ. ಪ್ರೋಟೀನನ್ನು ನೇರವಾಗಿ ತೂಗುವುದು ಕಷ್ಟ. ಪ್ರೋಟೀನಿನಲ್ಲಿ ಸುಮಾರು ಶೇಕಡ 16ರಷ್ಟು ಸಾರಜನಕ ಇರುತ್ತದೆ. ಹಾಗಾಗಿ ಆಹಾರದಲ್ಲಿರುವ ಸಾರಜನಕವನ್ನು ಅಳೆದು ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಇಷ್ಟಿದೆ ಎನ್ನುತ್ತಾರೆ. ಚೀಲದ ತೂಕ ನೋಡಿ ಅಕ್ಕಿ ಇಷ್ಟಿದೆ ಎಂದ ಹಾಗೆ. ಚೀಲದಲ್ಲಿ ಕಲ್ಲಿದ್ದರೆ? ಕಾಳುಗಳಲ್ಲಿ ಪ್ರೋಟೀನ್ ಅಲ್ಲದ ಬೇರೆ ವಸ್ತುಗಳಲ್ಲೂ ಸಾರಜನಕ ಇರುತ್ತದೆ. ಆ ಪಾಲನ್ನು ಬೇರ್ಪಡಿಸದಿದ್ದರೆ ಲೆಕ್ಕ ತಪ್ಪುತ್ತದೆ. ಬೇಳೆಕಾಳುಗಳ ಈ ಪ್ರೋಟೀನೇತರ ಸಾರಜನಕದ ಬಗ್ಗೆ ಕಮಲಾ ಮತ್ತು ಶ್ರೀನಿವಾಸಯ್ಯನವರ ಲೇಖನ 1935ರಲ್ಲಿ ಬ್ರಿಟನ್ನಿನ ಬಯೋಕೆಮಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು.

1936ರಲ್ಲಿ ಅವರಿಗೆ ಎಂ.ಎಸ್ಸಿ. ಪದವಿ ಬಂದಿತು, ಆದರೆ ಮುಂಬೈ ವಿಶ್ವವಿದ್ಯಾಲಯದಿಂದ. ಕೆಲಸ ಬೆಂಗಳೂರಿನಲ್ಲಿ, ಪದವಿ ಮುಂಬೈಯಲ್ಲಿ ಏಕೆ ಎಂದು ಕೇಳಬಹುದು. ಆಗ ಬೆಂಗಳೂರಿನ ಸಂಸ್ಥೆಗೆ ವಿಶ್ವವಿದ್ಯಾಲಯದಂತೆ ಪದವಿ ಕೊಡುವ ಅಧಿಕಾರವಿರಲಿಲ್ಲ. ಅದು ಸಿಕ್ಕಿದ್ದು 1958ರಲ್ಲಿ. ಅಲ್ಲಿಯ ತನಕ ಸಂಶೋಧಕರು ತಮ್ಮ ಪ್ರಬಂಧವನ್ನು ಮುಂಬೈ, ಮದ್ರಾಸಿನಂಥ ವಿಶ್ವವಿದ್ಯಾಲಯಕ್ಕೆ ಸಲ್ಲಿಸುತ್ತಿದ್ದರು. ನಾನು ಮೊದಲೇ ಹೇಳಿದ ಮೂರನೆಯ ಬಾಗಿಲು ಇದು. ಇದು ಮುಚ್ಚಿಯೇ ಉಳಿದದ್ದಕ್ಕೂ ಉದಾಹರಣೆ ಇದೆ. ಮುಂದೆ ಹವಾಮಾನ ವಿಜ್ಞಾನಿಯಾಗಿ ಹೆಸರಾದ ಅನ್ನಾ ಮಣಿ 1940ರ ದಶಕದಲ್ಲಿ ರಾಮನ್ ಅವರ ಪ್ರಯೋಗಾಲಯದಲ್ಲೇ ವರ್ಷಗಟ್ಟಲೆ ದುಡಿದು ಪ್ರಬಂಧ ಬರೆದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ.

ಕೇಂಬ್ರಿಜ್: ಆಲೂಗಡ್ಡೆಯ ಉಸಿರು

1937ರಲ್ಲಿ ಕಮಲಾ ಕೇಂಬ್ರಿಜ್‌ಗೆ ಹೋಗಿ, ಹೆಣ್ಣುಮಕ್ಕಳಿಗಾಗಿಯೇ ಇದ್ದ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿದರು. ಅಲ್ಲಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಫ್ರೆಡರಿಕ್ ಹಾಪ್ಕಿನ್ಸ್. ಜೀವಸತ್ವಗಳ, ಅಂದರೆ ವಿಟಮಿನ್‌ಗಳ, ಸಂಶೋಧನೆಗೆ 1929ರಲ್ಲಿ ನೊಬೆಲ್ ಪಡೆದವರು. ಅವರ ಪ್ರಯೋಗಾಲಯ ಹೆಣ್ಣುಮಕ್ಕಳಿಗೆ ಜಾಗ ಕೊಟ್ಟಿದ್ದಕ್ಕೂ ಹೆಸರಾಗಿತ್ತು. ಕಮಲಾ ಮೊದಲು ಡೆರೆಕ್ ರಿಕ್ಟರ್, ಆಮೇಲೆ ರಾಬಿನ್ ಹಿಲ್ ಅವರ ಜೊತೆ ಕೆಲಸ ಮಾಡಿದರು.

ಅಲ್ಲಿ ಅವರು ಕಂಡುಕೊಂಡದ್ದನ್ನು ಅರ್ಥ ಮಾಡಿಕೊಳ್ಳಲು ಉಸಿರಾಟ ಎಂದರೇನು ಎಂದು ತಿಳಿಯಬೇಕು. ಮೂಗಿನಿಂದ ಗಾಳಿ ಎಳೆದುಕೊಳ್ಳುವುದು ಅದರ ಹೊರಗಿನ ಅರ್ಧ ಮಾತ್ರ. ನಿಜವಾದ ಕೆಲಸ ಪ್ರತಿಯೊಂದು ಜೀವಕೋಶದೊಳಗೆ ನಡೆಯುತ್ತದೆ. ಸಕ್ಕರೆಯನ್ನು ಒಲೆಗೆ ಹಾಕಿದರೆ ಭುಗ್ಗೆಂದು ಉರಿದು ಶಕ್ತಿಯೆಲ್ಲ ಒಮ್ಮೆಗೇ ಬಿಸಿಯಾಗಿ ಹೋಗುತ್ತದೆ. ಜೀವಕೋಶ ಅದೇ ಸಕ್ಕರೆಯನ್ನು ಮೆಲ್ಲಗೆ, ಹಂತ ಹಂತವಾಗಿ ಉರಿಸುತ್ತದೆ. ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇದಕ್ಕೆ ಮನೆಯ ಊಟದ ಡಬ್ಬಿಯನ್ನು ಕಚೇರಿಗೆ ಮುಟ್ಟಿಸುವ ಮುಂಬೈಯ ಡಬ್ಬಾವಾಲಾಗಳಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಅಂಧೇರಿಯ ಮನೆಯಲ್ಲಿ ಡಬ್ಬಿ ಎತ್ತಿಕೊಂಡವನೇ ಫೋರ್ಟ್‌ನ ಕಚೇರಿಗೆ ಮುಟ್ಟಿಸುವುದಿಲ್ಲ. ಒಬ್ಬ ನಿಲ್ದಾಣಕ್ಕೆ ತರುತ್ತಾನೆ, ಇನ್ನೊಬ್ಬ ರೈಲಿನಲ್ಲಿ ಒಯ್ಯುತ್ತಾನೆ, ಮತ್ತೊಬ್ಬ ಚರ್ಚ್‌ಗೇಟ್‌ನಲ್ಲಿ ಇಳಿಸಿಕೊಂಡು ಹಂಚುತ್ತಾನೆ. ಆಹಾರದಿಂದ ಬಿಡುಗಡೆಯಾದ, ಪರಮಾಣುವಿಗಿಂತ ಪುಟ್ಟ ಕಣಗಳಾದ ಎಲೆಕ್ಟ್ರಾನ್‌ಗಳೂ ಹೀಗೆಯೇ ಕೈಯಿಂದ ಕೈಗೆ ದಾಟುತ್ತ ಹೋಗಿ ಕೊನೆಗೆ ಆಮ್ಲಜನಕಕ್ಕೆ ಸೇರುತ್ತವೆ. ಆಗ ನೀರು ಉಂಟಾಗುತ್ತದೆ. ಈ ಸಾಲಿನ ಕೊನೆಯ ಭಾಗದಲ್ಲಿ ಡಬ್ಬಿ ಹೊರುವ ಒಬ್ಬ ಚುರುಕು ಆಳು ಸೈಟೋಕ್ರೋಮ್ ಸಿ. ಒಡಲಲ್ಲಿ ಕಬ್ಬಿಣದ ಒಂದು ಪರಮಾಣು ಇಟ್ಟುಕೊಂಡಿರುವ ಪುಟ್ಟ ಪ್ರೋಟೀನ್ ಅದು. ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ಹೊರುತ್ತದೆ. ಸಯನೈಡ್ ಏಕೆ ಅಷ್ಟು ಬೇಗ ಕೊಲ್ಲುತ್ತದೆ ಎಂಬುದೂ ಇಲ್ಲಿಂದ ತಿಳಿಯುತ್ತದೆ. ಸೈಟೋಕ್ರೋಮ್ ಸಿ ತಂದ ಡಬ್ಬಿಯನ್ನು ಇಳಿಸಿಕೊಳ್ಳುವ ಕೊನೆಯ ಕಿಣ್ವವನ್ನೇ (ಜೀವಕೋಶದ ಕೆಲಸಗಳನ್ನು ಚುರುಕಾಗಿ ನಡೆಸುವ ಪ್ರೋಟೀನನ್ನೇ) ಅದು ಹಿಡಿದು ನಿಲ್ಲಿಸಿಬಿಡುತ್ತದೆ. ಚರ್ಚ್‌ಗೇಟ್ ಮುಚ್ಚಿದರೆ ಹಿಂದಿನ ಎಲ್ಲ ರೈಲುಗಳೂ ನಿಂತ ಹಾಗೆ.

ಸೈಟೋಕ್ರೋಮ್‌ಗಳ ಬಗ್ಗೆ ಡೇವಿಡ್ ಕೈಲಿನ್ 1925ರಲ್ಲಿ ಕೇಂಬ್ರಿಜ್‌ನಲ್ಲೇ ಬರೆದಿದ್ದರು. ಅವುಗಳಿಗೆ ತಮ್ಮದೇ ಬಣ್ಣವಿದೆ. ಬೆಳಕನ್ನು ಅವುಗಳ ಮೂಲಕ ಹಾಯಿಸಿ ನೋಡಿದರೆ ಕಾಮನಬಿಲ್ಲಿನ ಪಟ್ಟಿಯಲ್ಲಿ ನಿರ್ದಿಷ್ಟ ಜಾಗಗಳಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಆ ಗೆರೆಗಳೇ ಅವುಗಳ ಗುರುತಿನ ಚೀಟಿ. ಹಸಿರು ಎಲೆಯಲ್ಲಿ ಇವನ್ನು ನೋಡುವುದು ಕಷ್ಟ, ಹರಿತ್ತಿನ ಬಣ್ಣ ಎಲ್ಲವನ್ನೂ ನುಂಗಿಬಿಡುತ್ತದೆ. ಆಲೂಗಡ್ಡೆಯಲ್ಲಿ ಆ ತೊಂದರೆ ಇಲ್ಲ. ಅದಕ್ಕೆ ಹಸಿರಿಲ್ಲ, ಆದರೆ ಜೀವವಿದೆ, ಬುಟ್ಟಿಯಲ್ಲಿ ಬಿದ್ದಿರುವಾಗಲೂ ಉಸಿರಾಡುತ್ತಿರುತ್ತದೆ. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ ಕಮಲಾ ಸಸ್ಯ ಅಂಗಾಂಶದಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ಕಂಡುಕೊಂಡರು. ನಮ್ಮೊಳಗಿನ ಉಸಿರಾಟದ ಸಾಲೂ ಗಿಡದೊಳಗಿನ ಉಸಿರಾಟದ ಸಾಲೂ ನೆಂಟರು ಎಂಬ ಅರಿವಿಗೆ ಇದು ಬಲವಾದ ಆಧಾರವಾಯಿತು.

ಹದಿನಾಲ್ಕು ತಿಂಗಳಲ್ಲಿ ಪ್ರಬಂಧ ಸಿದ್ಧವಾಯಿತು. ಒಟ್ಟು 40 ಪುಟ. ಇಂದು ಪಿಎಚ್‌ಡಿ ಪ್ರಬಂಧಗಳು ಇಟ್ಟಿಗೆಯಷ್ಟು ದಪ್ಪ ಇರುತ್ತವೆ. ಇದನ್ನು ಕೇಳಿ ಹುಡುಗಿಗೆ ಆದ ಸಂತೋಷ ನೋಡಬೇಕಿತ್ತು.

ಹೆಸರಿಗೆ ಪದವಿ

1939ರಲ್ಲಿ ಪಿಎಚ್‌ಡಿ ಬಂದಿತು. ಕೇಂಬ್ರಿಜ್ ಉದಾರ, ಬೆಂಗಳೂರು ಸಂಕುಚಿತ ಎಂದು ಇದರಿಂದ ತಿಳಿಯಬಾರದು. ಆಗಿನ್ನೂ ಕೇಂಬ್ರಿಜ್ ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯದ ಪೂರ್ಣ ಸದಸ್ಯರೆಂದು ಒಪ್ಪಿರಲಿಲ್ಲ. 1921ರಿಂದ ಅವರಿಗೆ ಸಿಗುತ್ತಿದ್ದದ್ದು ಪದವಿಯ ಹೆಸರು ಮಾತ್ರ. ಪದವಿಯೊಂದಿಗೆ ಗಂಡಸರಿಗೆ ಬರುವ ಹಕ್ಕುಗಳು ಅವರಿಗೆ ಬರುತ್ತಿರಲಿಲ್ಲ. ಆ ವ್ಯತ್ಯಾಸ ಹೋದದ್ದು 1948ರಲ್ಲಿ. ಆಕ್ಸ್‌ಫರ್ಡ್ ಕೂಡ ಕಾರ್ನೀಲಿಯಾ ಸೊರಾಬ್ಜಿ ಅವರನ್ನು 1892ರಲ್ಲಿ ಕಾನೂನು ಪರೀಕ್ಷೆಗೆ ಕೂರಿಸಿ, ಪದವಿ ಕೊಡಲು 1920ರ ದಶಕದವರೆಗೆ ಕಾಯಿಸಿತ್ತು.

ಇನ್ನು "ಮೊದಲ ಮಹಿಳಾ ವಿಜ್ಞಾನಿ" ಎಂಬ ಮಾತು. ಇದನ್ನು ಸ್ವಲ್ಪ ತಿದ್ದಿ ಹೇಳಬೇಕು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದಿದ್ದರು. ಅದೂ ಡಾಕ್ಟರೇಟೇ, ಹೆಸರು ಬೇರೆ. ರಸಾಯನಶಾಸ್ತ್ರಜ್ಞೆ ಅಸೀಮಾ ಚಟರ್ಜಿ 1944ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದರು. ಕಮಲಾ ಅವರನ್ನು ವಿಜ್ಞಾನದಲ್ಲಿ ಪಿಎಚ್‌ಡಿ ಎಂಬ ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಗುರುತಿಸುತ್ತಾರೆ. ಮೊದಲು ಯಾರು ಎಂಬ ಓಟಕ್ಕಿಂತ ಈ ಮೂವರ ಹೆಸರನ್ನೂ ಮಕ್ಕಳು ಒಟ್ಟಿಗೆ ಕಲಿತರೆ ನನಗೆ ಹೆಚ್ಚು ಸಂತೋಷ.

ಅವರೆಕಾಳಿನೊಳಗಿನ ತಡೆ

ಊರಿಗೆ ಮರಳಿದ ಕಮಲಾ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ, ಆಮೇಲೆ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೋಹೋನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು. ಇಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾದರು. ಕಾಲಾ ಘೋಡಾದ ಹತ್ತಿರ, ಹಳದಿ ಕಲ್ಲಿನ ದೊಡ್ಡ ಕಟ್ಟಡ. ಅದಕ್ಕೆ ಅಡಿಗಲ್ಲು ಹಾಕಿದ್ದು 1911ರಲ್ಲಿ, ಕಮಲಾ ಹುಟ್ಟಿದ ವರ್ಷ. ರಾಜಮನೆತನದ ಗೌರವಪದ ಹೋಗಿ ಈಗ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಎಂದಷ್ಟೇ ಕರೆಯುತ್ತಾರೆ. ನಮ್ಮವರು ಎಷ್ಟೋ ಜನ ದಿನವೂ ಅದರ ಮುಂದೆ ಹಾದು ಕೆಲಸಕ್ಕೆ ಹೋಗುತ್ತಾರೆ.

ಅಲ್ಲಿ ತಮ್ಮ ವಿದ್ಯಾರ್ಥಿಗಳೊಂದಿಗೆ ಅವರು ಮಾಡಿದ ಕೆಲಸವೇ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಅದು ನಮ್ಮ ಅಡುಗೆಮನೆಯದು.

ನಾವು ತಿಂದ ಪ್ರೋಟೀನ್ ಇಡಿಯಾಗಿ ರಕ್ತಕ್ಕೆ ಹೋಗಲಾರದು, ಅದನ್ನು ತುಂಡು ಮಾಡಬೇಕು. ಆ ತುಂಡರಿಸುವ ಕಿಣ್ವಗಳಲ್ಲಿ ಮುಖ್ಯವಾದದ್ದು ಟ್ರಿಪ್ಸಿನ್. ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಬಂದು ಕತ್ತರಿಯಂತೆ ಕೆಲಸ ಮಾಡುತ್ತದೆ. ಹಸಿ ಕಾಳುಗಳಲ್ಲಿ ಈ ಕತ್ತರಿಯ ಬಾಯಿಗೆ ಸರಿಯಾಗಿ ಸಿಕ್ಕಿಕೊಂಡು ಅದು ಮುಚ್ಚದಂತೆ ಮಾಡುವ ಇನ್ನೊಂದು ಪ್ರೋಟೀನ್ ಇರುತ್ತದೆ. ಅದನ್ನು ಟ್ರಿಪ್ಸಿನ್ ತಡೆಕಾರಕ ಎನ್ನುತ್ತಾರೆ. ಗಿಡ ಅದನ್ನು ಇಟ್ಟುಕೊಳ್ಳುವುದು ತನ್ನ ಬೀಜದ ಕಾವಲಿಗೆ. ಕಾಳು ಕೊರೆಯುವ ಹುಳಕ್ಕೆ ಅದು ಜೀರ್ಣವಾಗಬಾರದು. ಆದರೆ ಹುಳಕ್ಕೆ ಇಟ್ಟ ಬಲೆಯಲ್ಲಿ ನಾವೂ ಬೀಳುತ್ತೇವೆ. ಕಾಳಿನಲ್ಲಿ ಪ್ರೋಟೀನ್ ಇದ್ದರೂ ಹಸಿಯಾಗಿ ತಿಂದರೆ ಮೈಗೆ ಹತ್ತುವುದಿಲ್ಲ.

1955ರಲ್ಲಿ ಸೋಹೋನಿ ಮತ್ತು ಅವರ ಸಹ ಸಂಶೋಧಕರು ಅವರೆಕಾಳಿನಿಂದಲೂ ಡಬಲ್ ಬೀನ್ಸ್‌ನಿಂದಲೂ ಈ ತಡೆಕಾರಕವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಳು ಏಕೆ ಮುಖ್ಯ? ಸಕ್ಕರೆ ಪಾಕದಲ್ಲಿ ಏನೇನೋ ಬೆರೆತಿರಬಹುದು. ಅದರಿಂದ ಮೆಲ್ಲಗೆ ಬೆಳೆದ ಕಲ್ಲುಸಕ್ಕರೆಯಲ್ಲಿ ಸಕ್ಕರೆಯ ಕಣಗಳೇ ಸಾಲಾಗಿ ಕೂತಿರುತ್ತವೆ. ಹರಳು ಬಂದಿತೆಂದರೆ ವಸ್ತು ಬಹುಮಟ್ಟಿಗೆ ಶುದ್ಧವಾಗಿ ಕೈಗೆ ಸಿಕ್ಕಿತು ಎಂದರ್ಥ. ಸಿಕ್ಕಿದ ಮೇಲೆ ಅದರ ಗುಣ ಪರೀಕ್ಷಿಸಬಹುದು, ಅದನ್ನು ಹೇಗೆ ಕೆಡಿಸಬಹುದೆಂದು ನೋಡಬಹುದು.

ಬಿಸಿ ನೀರಿನಲ್ಲಿ ಬೇಯಿಸಿದರೆ ಈ ತಡೆಯ ಬಹುಪಾಲು ಮುರಿದುಹೋಗುತ್ತದೆ. ನೆನೆಸುವುದು, ಮೊಳಕೆ ಬರಿಸುವುದು ಕೂಡ ಅದಕ್ಕೆ ನೆರವಾಗುತ್ತವೆ. ಹಿತಕಿದವರೆ ಮಾಡಲು ಕಾಳನ್ನು ರಾತ್ರಿಯಿಡೀ ನೆನೆಸಿ ಸಿಪ್ಪೆ ಹಿಚುಕಿ ತೆಗೆದು ಬೇಯಿಸುತ್ತೇವಲ್ಲ, ನಮ್ಮ ಮರಾಠಿ ನೆರೆಯವರು ಅದೇ ಕಾಳನ್ನು ವಾಲ್ ಎಂದು ಕರೆದು, ಮೊಳಕೆ ಬರಿಸಿ, ಸಿಪ್ಪೆ ಬಿಡಿಸಿ ಬಿರಡೆ ಮಾಡುತ್ತಾರಲ್ಲ, ಎರಡೂ ಅಡುಗೆಯಲ್ಲಿ ನಡೆಯುವ ರಸಾಯನ ಒಂದೇ. ಅಜ್ಜಿಗೆ ಇದನ್ನು ಹೇಳಿದಾಗ ಅವರು, "ಇದನ್ನು ತಿಳಿಯಲು ಕೇಂಬ್ರಿಜ್‌ಗೆ ಹೋಗಬೇಕಿತ್ತೇ? ನನ್ನ ಅತ್ತೆಗೆ ಗೊತ್ತಿತ್ತು" ಎಂದರು. ನೆನೆಸಬೇಕೆಂಬುದು ಅವರ ಅತ್ತೆಗೆ ಗೊತ್ತಿತ್ತು, ನಿಜ. ಏಕೆ ಎಂಬುದನ್ನು ಬೇರ್ಪಡಿಸಿ ತೋರಿಸಿದವರು ಸೋಹೋನಿ. ಏಕೆ ಎಂಬುದು ತಿಳಿದರೆ ಮಾತ್ರ ಎಷ್ಟು ಹೊತ್ತು ಬೇಯಿಸಬೇಕು, ಯಾವ ಕಾಳಿಗೆ ಎಷ್ಟು ಬೇಕು ಎಂಬುದನ್ನು ಅಂಗನವಾಡಿಯ ಊಟಕ್ಕೂ ಆಸ್ಪತ್ರೆಯ ಪಥ್ಯಕ್ಕೂ ಲೆಕ್ಕ ಹಾಕಲು ಸಾಧ್ಯ. ಇದನ್ನು ವಿವರಿಸಿದ ಮೇಲೆ ಅಜ್ಜಿ ತಲೆಯಾಡಿಸಿದರು.

ನೀರಾ, ಹಾಲು ಮತ್ತು ಕಲಬೆರಕೆ

ನೀರಾ ಎಂದರೆ ಈಚಲು, ತಾಳೆ, ತೆಂಗಿನ ಮರಗಳಿಂದ ಇಳಿಸುವ ಸಿಹಿ ರಸ. ಬಿಸಿಲೇರಿದಂತೆ ಗಾಳಿಯಲ್ಲಿರುವ ಯೀಸ್ಟ್ ಅದರ ಸಕ್ಕರೆಯನ್ನು ಮದ್ಯವಾಗಿ ಮಾಡುತ್ತದೆ, ಆಗ ಅದು ಹೆಂಡ. ಆದ್ದರಿಂದಲೇ ಬೆಳಗಿನ ಜಾವ ಇಳಿಸುತ್ತಾರೆ, ಮಡಕೆಗೆ ಸುಣ್ಣ ಬಳಿದಿರುತ್ತಾರೆ. ಇದರಲ್ಲಿ ಪೋಷಕಾಂಶ ಏನಿದೆ ಎಂಬ ಅಧ್ಯಯನವನ್ನು ಸೋಹೋನಿ ಕೈಗೆತ್ತಿಕೊಂಡದ್ದು ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸೂಚನೆಯ ಮೇಲೆ. ಜೀವಸತ್ವ ಸಿ, ಕಬ್ಬಿಣ ಮೊದಲಾದವು ಅದರಲ್ಲಿರುವುದನ್ನು ಅವರು ತೋರಿಸಿದರು. ಪೋಷಣೆ ಸಾಲದ ಬುಡಕಟ್ಟು ಮಕ್ಕಳಿಗೂ ಗರ್ಭಿಣಿಯರಿಗೂ ಇದು ಅಗ್ಗದ ಪೂರಕ ಆಹಾರವಾಗಬಲ್ಲದು ಎಂಬುದು ಆ ಕೆಲಸದ ಸಾರ. ಇದಕ್ಕಾಗಿ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂದಿತು. ಮುಂಬೈಯ ಆರೆ ಹಾಲಿನ ಯೋಜನೆಗೂ ಅವರು ಸಲಹೆ ಕೊಟ್ಟರು.

ಇಷ್ಟೆಲ್ಲ ಮಾಡಿದವರಿಗೆ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕ ಹುದ್ದೆ ಸಲ್ಲಬೇಕಾದ ಹೊತ್ತಿಗಿಂತ ನಾಲ್ಕು ವರ್ಷ ತಡವಾಗಿ ಸಿಕ್ಕಿತು. 1933ರ ಷರತ್ತನ್ನು ಬಾಯಿಬಿಟ್ಟು ಹೇಳಿದ್ದರು, ಇದನ್ನು ಯಾರೂ ಹಾಗೆ ಹೇಳಲಿಲ್ಲ. ಕಡತ ಮುಂದೆ ಹೋಗಲಿಲ್ಲ, ಅಷ್ಟೆ.

1966ರಲ್ಲಿ ಮುಂಬೈಯ ಒಂಬತ್ತು ಮಹಿಳೆಯರು ಸೇರಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಗ್ರಾಹಕ ಸಂಘಟನೆ ಆರಂಭಿಸಿದರು. ಸೋಹೋನಿ ಅದರಲ್ಲಿ ತೊಡಗಿಕೊಂಡರು, 1982-83ರಲ್ಲಿ ಅಧ್ಯಕ್ಷರಾದರು, ಸಂಘದ ಪತ್ರಿಕೆ 'ಕೀಮತ್'ಗೆ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು. ಕಲಬೆರಕೆ ಹಿಡಿಯುವುದೂ ರಸಾಯನಶಾಸ್ತ್ರವೇ. ಹಾಲಿಗೆ ಪಿಷ್ಟ ಬೆರೆಸಿದ್ದರೆ ಕುದಿಸಿ ಆರಿಸಿದ ಹಾಲಿಗೆ ಎರಡು ಹನಿ ಟಿಂಚರ್ ಅಯೋ‌ಡಿನ್ ಹಾಕಿ ನೋಡಿದರೆ ನೀಲಿ ಬಣ್ಣ ಬರುತ್ತದೆ. ಪಿಷ್ಟದ ಸುರುಳಿಯೊಳಗೆ ಅಯೋಡಿನ್ ಹೋಗಿ ಕೂರುವುದರಿಂದ ಆ ಬಣ್ಣ.

ಕಮಲಾ ಸೋಹೋನಿ 1998ರಲ್ಲಿ ತೀರಿಕೊಂಡರು. ಹುಡುಗಿಯ ಅರ್ಜಿ ಮುಂದಿನ ತಿಂಗಳು ಹೋಗುತ್ತದೆ. ನಿನ್ನೆ ಸಂಜೆ ಅಜ್ಜಿ ಹಿತಕಿದವರೆಯ ಸಾರು ಒಂದು ಡಬ್ಬಿ ಕೊಟ್ಟು ಕಳುಹಿಸಿದ್ದರು. ಜೊತೆಗೆ ಮೊಮ್ಮಗಳ ಬಾಯಲ್ಲಿ ಒಂದು ಪ್ರಶ್ನೆ: ನೆನೆಸಿದ ನೀರನ್ನು ಚೆಲ್ಲಬೇಕೋ, ಸಾರಿಗೇ ಹಾಕಬಹುದೋ? ಚೆಲ್ಲಿಬಿಡಿ ಎಂದು ಹೇಳಿ ಕಳುಹಿಸಿದ್ದೇನೆ.